ಆ ‘ಅಣ್ಣ’ನಿಗೆ ಮುಯ್ಯಿ ತೀರಿಸಬೇಕಾಗಿಲ್ಲ

ತೀರ್ಥಹಳ್ಳಿ ತಾಲ್ಲೂಕಿನ ತಾಯಿಯೊಬ್ಬರ ಪತ್ರ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

“ಅಕ್ಕ, ನಮ್ಮದು ಅಡಿಕೆ ತೋಟ. ಒಬ್ಬನೇ ಮಗ, ಎಂಟನೇ ಕ್ಲಾಸು. ಈಗ ಕೊಯ್ಲಿನ ಸಮಯ. ರಾತ್ರಿ ಹತ್ತು ಹನ್ನೊಂದರವರೆಗೂ ಸುಲಿಯುವುದಿರುತ್ತದೆ, ನಾವೆಲ್ಲ ಕೆಳಗೇ ಇರುತ್ತೇವೆ. ಅವನು ಓದುತ್ತೇನೆ ಅಂತ ಉಪ್ಪರಿಗೆಯಲ್ಲಿ ಫೋನು ಹಿಡಿದು ಕೂರುತ್ತಾನೆ. ‘ನಿನ್ನ ಫೋನ್ ಮುಟ್ಟಲ್ಲ’ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಮೊನ್ನೆ ಅವನು ಮಲಗಿದ ಮೇಲೆ ತಡೆಯಲಾರದೆ ನೋಡಿಬಿಟ್ಟೆ. ಗೇಮಿನಲ್ಲಿ ಪರಿಚಯವಾದ ಒಬ್ಬನನ್ನು ಇವನು ‘ಅಣ್ಣ’ ಅಂತ ಕರೆಯುತ್ತಾನೆ. ಅವನು ಮೂರು ತಿಂಗಳಿಂದ ಗೇಮಿಗೆ ಡೈಮಂಡ್ (ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ) ಕಳಿಸುತ್ತಿದ್ದಾನೆ. ಈಗ ಮಾತುಕತೆ ಟೆಲಿಗ್ರಾಮಿಗೆ ಹೋಗಿದೆ. ‘ಬಾಡಿ ಹೇಗಿದೆ ನೋಡೋಣ, ಶರ್ಟ್ ಬಿಚ್ಚಿ ಒಂದು ಫೋಟೊ ಹಾಕು’ ಅಂತ ಕೇಳಿದ್ದಾನೆ. ‘ಮನೇಲಿ ಹೇಳ್ಬೇಡ, ನಮ್ಮಿಬ್ರ ಮಧ್ಯೆನೇ ಇರ್ಲಿ’ ಅಂತಲೂ ಇದೆ. ಮಗ ‘ನಾಳೆ ಕಳಿಸ್ತೀನಿ ಅಣ್ಣ’ ಅಂದಿದ್ದಾನೆ. ಕಳಿಸಿದನೋ ಇಲ್ಲವೋ ಗೊತ್ತಿಲ್ಲ. ಯಜಮಾನರಿಗೆ ಹೇಳಿದರೆ ಫೋನನ್ನು ಅಡಿಕೆ ಬೇಯಿಸುವ ಒಲೆಗೆ ಹಾಕಿ, ಇವನನ್ನು ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಬಿಟ್ಟು ಬರುತ್ತಾರೆ. ನೋಡಿದೆ ಅಂತ ಮಗನಿಗೆ ಹೇಳಿದರೆ ಅವನು ಇನ್ನು ನನ್ನನ್ನು ನಂಬುವುದಿಲ್ಲ. ಸುಮ್ಮನಿರಲೂ ಆಗುತ್ತಿಲ್ಲ. ಏನು ಮಾಡಲಿ?”

ಅಕ್ಕ ಅಂತ ಕರೆದಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಮಗನ ಹತ್ತಿರ ಇವತ್ತೇ ಮಾತಾಡಿ. ಕೊಯ್ಲು ಮುಗಿಯಲಿ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಕೊಟ್ಟ ಮಾತು ಮುರಿದಿರಿ, ಹೌದು. ಅದಕ್ಕೆ ಆಮೇಲೆ ಬರುತ್ತೇನೆ. ನೀವು ನೋಡಿದ್ದರಿಂದಲೇ ಈಗ ಏನಾದರೂ ಮಾಡಲು ಸಾಧ್ಯವಾಗಿದೆ.

ಆ ಮನುಷ್ಯನ ಕೆಲಸ ನೋಡಿ, ಎಷ್ಟು ಸಮಾಧಾನದಿಂದ ಮಾಡಿದ್ದಾನೆ. ಮೂರು ತಿಂಗಳು ಏನೂ ಕೇಳಲಿಲ್ಲ, ಬರೀ ಕೊಟ್ಟ. ಆಮೇಲೆ ಗೇಮಿನಿಂದ ಬೇರೆ ಕಡೆಗೆ ಕರೆದುಕೊಂಡು ಹೋದ. ಆಮೇಲೆ ಮನೆಯಲ್ಲಿ ಹೇಳಬೇಡ ಅಂದ. ಈಗ ಒಂದು ಸಣ್ಣ ಫೋಟೊ. ನಿಮ್ಮ ಮನೆಯಲ್ಲೇ ಯಾರಾದರೂ ‘ಗಂಡು ಹುಡುಗ, ಕೆರೆಗೆ ಈಜಲು ಹೋದಾಗ ಶರ್ಟ್ ಬಿಚ್ಚಲ್ವಾ, ಇದರಲ್ಲೇನಿದೆ’ ಅನ್ನಬಹುದು. ಶರ್ಟಿನ ವಿಷಯ ಅಲ್ಲ ಇದು. ಹೇಳಿದ್ದನ್ನು ಹುಡುಗ ಮಾಡುತ್ತಾನಾ, ಮಾಡಿ ಗುಟ್ಟಾಗಿ ಇಡುತ್ತಾನಾ ಅಂತ ಅವನು ನೋಡುತ್ತಿದ್ದಾನೆ. ಮಾಡಿದರೆ ನಾಳೆ ಇನ್ನೊಂದು ಕೇಳುತ್ತಾನೆ. ಅದನ್ನೂ ಕಳಿಸಿದ ದಿನ ‘ಅಣ್ಣ’ನ ಮಾತಿನ ಧಾಟಿಯೇ ಬದಲಾಗುತ್ತದೆ. ‘ದುಡ್ಡು ಹಾಕು, ಇಲ್ಲದಿದ್ದರೆ ನಿನ್ನ ಕ್ಲಾಸಿನ ಗ್ರೂಪಿಗೆ ಹಾಕ್ತೀನಿ’ ಅನ್ನುವಲ್ಲಿಗೆ ಬಂದು ನಿಲ್ಲುವುದು ಇದೇ ದಾರಿ. ಹೆಣ್ಣುಮಕ್ಕಳಿಗೆ ಮಾತ್ರ ಹೀಗಾಗುತ್ತದೆ ಅಂತ ನಾವು ಅಂದುಕೊಂಡಿರುವುದು ಇಂಥವರಿಗೆ ಒಳ್ಳೆಯ ಅನುಕೂಲವಾಗಿದೆ.

ನಿಮ್ಮ ಮಗ ದಡ್ಡ ಅಲ್ಲ, ಕೆಟ್ಟವನೂ ಅಲ್ಲ. ಅವನು ನಮ್ಮ ಕಡೆಯ ಹುಡುಗ, ಅಷ್ಟೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ತೀರಿಸುತ್ತೇವೆ. ಗದ್ದೆ ನೆಟ್ಟಿಗೂ ಮುಯ್ಯಾಳು: ಅವರು ಇವತ್ತು ಬಂದರೆ ನಾವು ನಾಳೆ ಹೋಗಬೇಕು. ತೆಗೆದುಕೊಂಡಿದ್ದನ್ನು ತಿರುಗಿ ಕೊಡದಿದ್ದರೆ ಮರ್ಯಾದೆ ಇಲ್ಲ ಅಂತ ಮಕ್ಕಳು ನಮ್ಮನ್ನು ನೋಡಿಯೇ ಕಲಿತಿದ್ದಾರೆ. ಮೂರು ತಿಂಗಳು ಡೈಮಂಡ್ ತೆಗೆದುಕೊಂಡವನಿಗೆ ಒಂದು ಫೋಟೊ ಕೇಳಿದಾಗ ‘ಇಲ್ಲ’ ಅನ್ನಲು ಬಾಯಿ ಬರುವುದಿಲ್ಲ. ಆ ಮನುಷ್ಯ ನಂಬಿಕೊಂಡಿರುವುದು ಇದನ್ನೇ. ಹಾಗಾಗಿ ಮಗನಿಗೆ ಬಿಡಿಸಿ ಹೇಳಬೇಕಾದ ಮೊದಲ ಮಾತು ಇದು: ಅವನು ಕೊಟ್ಟಿದ್ದಕ್ಕೆ ಮುಯ್ಯಿ ಇಲ್ಲ. ಏನೂ ತೀರಿಸಬೇಕಾಗಿಲ್ಲ. ಒಂದು ಸಾವಿರದ ಡೈಮಂಡ್ ಆಗಿದ್ದರೂ ಇಲ್ಲ, ಹತ್ತು ಸಾವಿರದ್ದಾದರೂ ಇಲ್ಲ.

ಎಲ್ಲಿ ಮಾತಾಡುವುದು? ಉಪ್ಪರಿಗೆಗೆ ಹತ್ತಿ ಬಾಗಿಲು ಹಾಕಿಕೊಂಡರೆ ಅವನಿಗೆ ಅರ್ಧ ಜೀವ ಹೋಗುತ್ತದೆ. ಸುಲಿಯುವ ಚಪ್ಪರದಲ್ಲಂತೂ ಬೇಡವೇ ಬೇಡ, ಮೆಟ್ಟುಗತ್ತಿಯ ಮುಂದೆ ಕೂತವರ ಕಿವಿ ಎಷ್ಟು ಚುರುಕು ಅಂತ ನಿಮಗೇ ಗೊತ್ತು. ಸಂಜೆ ಡೈರಿಗೆ ಹಾಲು ಕೊಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಇಲ್ಲ, ತೋಟದಲ್ಲಿ ಉದುರಡಿಕೆ ಹೆಕ್ಕುವ ನೆಪ ಮಾಡಿ. ಈ ವಯಸ್ಸಿನ ಗಂಡುಮಕ್ಕಳು ಮುಖಕ್ಕೆ ಮುಖ ಕೊಟ್ಟು ಕೂತರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದರೆ, ಕೈಗೊಂದು ಕೆಲಸ ಇದ್ದರೆ, ಒಂದೊಂದೇ ಮಾತು ಬರುತ್ತದೆ.

ಶುರು ಮಾಡುವುದು ಅವನ ತಪ್ಪಿನಿಂದ ಅಲ್ಲ, ನಿಮ್ಮ ತಪ್ಪಿನಿಂದ. “ನಿನ್ನ ಫೋನ್ ಮುಟ್ಟಲ್ಲ ಅಂದಿದ್ದೆ, ಮುಟ್ಟಿದೆ. ಮೊನ್ನೆ ರಾತ್ರಿ ನೋಡಿದೆ. ಮಾತು ತಪ್ಪಿದ್ದು ನಾನು, ಬೈಯೋದಿದ್ರೆ ಬೈ. ಆದ್ರೆ ನೋಡಿದ ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ. ಆ ಅಣ್ಣನ ಬಗ್ಗೆ ಮಾತಾಡ್ಬೇಕು. ಫೋನ್ ಕಿತ್ಕೊಳಲ್ಲ. ಹೊಡೆಯಲ್ಲ. ಹಾಸ್ಟೆಲಿಗೂ ಕಳಿಸಲ್ಲ.” ಇಷ್ಟು ಹೇಳಿ ನಿಲ್ಲಿಸಿ. ಅವನು ಸಿಟ್ಟು ಮಾಡಬಹುದು, ಅಳಬಹುದು, ಹಾಲಿನ ಕ್ಯಾನ್ ಅಲ್ಲೇ ಇಟ್ಟು ಓಡಬಹುದು. ಓಡಲಿ, ಮನೆಗೇ ಬರುತ್ತಾನೆ.

ಫೋನ್ ಕಿತ್ತುಕೊಳ್ಳುವುದಿಲ್ಲ ಅನ್ನುವ ಮಾತು ನಿಮಗೆ ಸಡಿಲು ಬಿಟ್ಟ ಹಾಗೆ ಕಾಣಬಹುದು. ನನ್ನ ಮನೆಯದೇ ಕಥೆ ಹೇಳುತ್ತೇನೆ. 2020ರಲ್ಲಿ ಆನ್‌ಲೈನ್ ಕ್ಲಾಸು ಶುರುವಾದಾಗ ಮಗನಿಗೆ ಫೋನ್ ಕೊಡಿಸಿದೆ. ಮಾರ್ಕ್ಸ್ ಕಡಿಮೆ ಬಂತು ಅಂತ ಎರಡು ಸಲ ಕಿತ್ತುಕೊಂಡೆ. ಅವನು ಗೆಳೆಯನ ಫೋನಿನಲ್ಲಿ ಆಡಿದ. ಆ ವರ್ಷ ಗ್ರೂಪೊಂದರಲ್ಲಿ ದೊಡ್ಡ ಹುಡುಗರು ಅವನನ್ನು ತಿಂಗಳುಗಟ್ಟಲೆ ಗೋಳು ಹೊಯ್ದುಕೊಂಡಿದ್ದರಂತೆ. ನನಗೆ ಗೊತ್ತಾಗಿದ್ದು ಅವನು ಕಾಲೇಜು ಸೇರಿದ ಮೇಲೆ. ‘ಯಾಕೋ ಹೇಳ್ಲಿಲ್ಲ?’ ಅಂದರೆ, ‘ಹೇಳಿದ್ರೆ ಮತ್ತೆ ಫೋನ್ ಕಿತ್ಕೋತಿದ್ದೆ ಅಲ್ವಾ’ ಅಂದ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವನು ಬಾಯಿ ಬಿಟ್ಟ ಮೇಲೆ ನಾಲ್ಕು ವಿಷಯ ತಿಳಿದುಕೊಳ್ಳಿ, ಒಂದೇ ಉಸಿರಿನಲ್ಲಲ್ಲ. ಫೋಟೊ ಹೋಗಿದೆಯಾ? ಶಾಲೆಯ ಹೆಸರು, ಊರು, ಯೂನಿಫಾರ್ಮಿನ ಫೋಟೊ ಏನಾದರೂ ಕೊಟ್ಟಿದ್ದಾನಾ? ಎಲ್ಲಾದರೂ ಭೇಟಿಯಾಗೋಣ ಅಂತ ಆ ಮನುಷ್ಯ ಕರೆದಿದ್ದಾನಾ? ಮನೆಯ ಫೋನ್‌ಪೇ, ಗೂಗಲ್‌ಪೇಯಿಂದ ದುಡ್ಡು ಹೋಗಿದೆಯಾ? ಅಪ್ಪನ ಯುಪಿಐ ಪಿನ್ ಮಕ್ಕಳಿಗೆ ಗೊತ್ತಿಲ್ಲದ ಮನೆ ನಮ್ಮ ಕಡೆ ಕಡಿಮೆ. ಮಂಡಿಯಿಂದ ಅಡಿಕೆ ದುಡ್ಡು ಬಂದು ಬೀಳುವುದೂ ಅದೇ ಖಾತೆಗೆ. ಪಿನ್ ಇವತ್ತೇ ಬದಲಿಸಿ.

ಸಿಟ್ಟಿನಲ್ಲಿ ಮೂರು ಕೆಲಸ ಮಾತ್ರ ಮಾಡಬೇಡಿ. ಮಗನ ಫೋನಿನಿಂದ ಆ ಮನುಷ್ಯನಿಗೆ ಬೈದು ಮೆಸೇಜು ಹಾಕುವುದು, ತಕ್ಷಣ ಬ್ಲಾಕ್ ಮಾಡುವುದು, ಚಾಟ್ ಅಳಿಸುವುದು. ಟೆಲಿಗ್ರಾಮಿನಲ್ಲಿ ಅವನು ತನ್ನ ಫೋನಿನಿಂದಲೇ ಎರಡೂ ಕಡೆಯ ಮಾತುಗಳನ್ನು ಅಳಿಸಿಹಾಕಬಹುದು. ಅನುಮಾನ ಬಂದರೆ ಅಷ್ಟು ಮಾಡುತ್ತಾನೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಎಲ್ಲವನ್ನೂ ಹಿಡಿದಿಟ್ಟುಕೊಳ್ಳಿ: ಅವನ ಪ್ರೊಫೈಲು, ಯೂಸರ್‌ನೇಮು, ನಂಬರ್ ಕಾಣುತ್ತಿದ್ದರೆ ನಂಬರು, ಗೇಮಿನ ಐಡಿ, ಮಾತು ನಡೆದ ತಾರೀಕುಗಳು. ಸ್ಕ್ರೀನ್‌ಶಾಟ್ ಬರದಿದ್ದರೆ ನಿಮ್ಮ ಫೋನಿನಿಂದ ಆ ಪರದೆಯ ಫೋಟೊ ಹೊಡೆಯಿರಿ. ಮಗನ ಅಂಥ ಫೋಟೊ ಹೋಗಿದ್ದರೆ ‘ಸಾಕ್ಷಿ’ ಅಂತ ಅದನ್ನು ನಿಮ್ಮ ಅಣ್ಣನಿಗೋ ಮಾವನಿಗೋ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಶ್ಲೀಲ ಚಿತ್ರ ಯಾರು ಕಳಿಸಿದರೂ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ ಅಪರಾಧವೇ. ಅದನ್ನು ಪೊಲೀಸರಿಗೆ ಆ ಫೋನಿನಲ್ಲೇ ತೋರಿಸಿದರೆ ಸಾಕು. ಇದೆಲ್ಲ ಮುಗಿದ ಮೇಲೆ ರಿಪೋರ್ಟ್, ಬ್ಲಾಕ್. ಬ್ಲಾಕ್ ಬಟನ್ನು ಮಗನೇ ಒತ್ತಲಿ.

ದೂರು ಕೊಡಬೇಕಾ ಅಂತ ನೀವು ಕೇಳಿಲ್ಲ, ಊರಿಗೆ ಗೊತ್ತಾಗುತ್ತದೆ ಅಂತ ಹೆದರಿರಬೇಕು. ಕೊಡಿ ಅನ್ನುವುದು ನನ್ನ ಅಭಿಪ್ರಾಯ, ಫೋಟೊ ಇನ್ನೂ ಹೋಗಿಲ್ಲದಿದ್ದರೂ. ಇದೇ ಮನುಷ್ಯ ಇನ್ನೆಷ್ಟು ಮಕ್ಕಳಿಗೆ ಅಣ್ಣನಾಗಿದ್ದಾನೋ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ತುಂಬದ ಎಲ್ಲರಿಗೂ ಇದೆ, ಗಂಡುಮಕ್ಕಳಿಗೂ. ಕೆಟ್ಟ ಉದ್ದೇಶದಿಂದ ಮಗುವನ್ನು ಫೋನು, ಇಂಟರ್ನೆಟ್ಟಿನಲ್ಲಿ ಮತ್ತೆ ಮತ್ತೆ ಸಂಪರ್ಕಿಸುವುದೂ ಅದರಲ್ಲಿ ಅಪರಾಧ, 3 ವರ್ಷದವರೆಗೆ ಜೈಲು. ಮಗುವಿನ ಹೆಸರು, ಮನೆ, ಶಾಲೆ ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು, ಆ ಹೊತ್ತಿಗೆ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು ಅಂತಲೂ ಇದೆ. ಇಂಥ ಪ್ರಕರಣಗಳಿಗೆ ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಆದರೆ ಮೊದಲ ದಿನವೇ ಅಲ್ಲಿಗೆ ಓಡಬೇಕಾಗಿಲ್ಲ, ಹತ್ತಿರದ ಠಾಣೆಯಲ್ಲಿ ಕೊಡಬಹುದು. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು, ಅಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗವೇ ಇದೆ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಯಾರ ಹತ್ತಿರ ಹೇಳುವುದು ಅಂತಲೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098, ರಾತ್ರಿ ಹಗಲು ಇರುತ್ತದೆ.

ಒಂದು ವೇಳೆ ಫೋಟೊ ಹೋಗಿದ್ದು, ಅವನು ಹೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ‘ಟೇಕ್ ಇಟ್ ಡೌನ್’ ಅಂತ ಒಂದು ಉಚಿತ ಸೇವೆ ಇದೆ, ಮಕ್ಕಳ ಇಂಥ ಚಿತ್ರಗಳಿಗಾಗಿಯೇ ಮಾಡಿದ್ದು. ಫೋಟೊ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಬೆರಳಚ್ಚಿನ ಹಾಗೆ ಆ ಫೋಟೊದ್ದೇ ಆದ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಅದರಲ್ಲಿ ಸೇರಿರುವ ಕಂಪನಿಗಳು ಆ ಗುರುತಿನ ಚಿತ್ರ ಕಂಡರೆ ತೆಗೆಯುತ್ತವೆ. ಖಾಸಗಿ ಚಾಟಿನೊಳಗೆ ಅದರ ಆಟ ನಡೆಯುವುದಿಲ್ಲ, ಆದರೂ ಮಾಡಿಡಿ.

ಇನ್ನು ಯಜಮಾನರ ವಿಷಯ. ಅವರಿಗೆ ಹೇಳದೆ ಆಗುವುದಿಲ್ಲ, ಆದರೆ ಮಗನ ಹತ್ತಿರ ಮಾತಾಡಿದ ಮೇಲೆ ಹೇಳಿ, ಮಗನಿಗೆ ತಿಳಿಸಿಯೇ ಹೇಳಿ. ಅವರ ಸಿಟ್ಟು ಹೆದರಿಕೆಯಿಂದ ಬರುವಂಥದ್ದು ಅನ್ನಿಸುತ್ತದೆ. ಅಂಥವರಿಗೆ ಬರೀ ಸುದ್ದಿ ಹೇಳಿ ಬಿಟ್ಟರೆ ಕೈ ಒಲೆಯ ಕಡೆಗೇ ಹೋಗುತ್ತದೆ, ಒಂದು ಕೆಲಸ ಕೊಡಿ. ಠಾಣೆಗೆ ಹೋಗಿ ಬರುವುದು ಅವರ ಜವಾಬ್ದಾರಿ ಆಗಲಿ. ಒಲೆಗೆ ಹೋದರೆ ಸಾಕ್ಷಿಯೂ ಹೋಯಿತು ಅಂತ ಹೇಳಿ. ಹಾಸ್ಟೆಲಿನ ಮಾತು ಬಂದರೆ, ಅಲ್ಲಿಯೂ ಫೋನಿದೆ, ನಾವು ಮಾತ್ರ ಇರುವುದಿಲ್ಲ ಅನ್ನಿ.

ಸೆಟ್ಟಿಂಗುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಒಂದು ಭಾನುವಾರ ಅರ್ಧ ಗಂಟೆ ಸಾಕು. ಮಗನ ಜೊತೆ ಕೂತು ಮೊದಲು ಅವನ ಹುಟ್ಟಿದ ವರ್ಷ ಏನು ಹಾಕಿದ್ದಾನೆ ನೋಡಿ. ಎಷ್ಟೋ ಮಕ್ಕಳು 2000 ಅಂತ ಹಾಕಿಕೊಂಡಿರುತ್ತಾರೆ. ಹಾಗೆ ಹಾಕಿದರೆ ಫೋನಿನ ಲೆಕ್ಕದಲ್ಲಿ ಅವನು ದೊಡ್ಡವನು. ಇನ್‌ಸ್ಟಾಗ್ರಾಮಿನಲ್ಲಿ 18ರ ಒಳಗಿನವರ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಗುರುತಿಲ್ಲದವರು ಮೆಸೇಜು ಹಾಕಲು ಆಗುವುದಿಲ್ಲ. ಸುಳ್ಳು ವಯಸ್ಸು ಹಾಕಿದವನಿಗೆ ಅದ್ಯಾವುದೂ ಇಲ್ಲ. ಗೇಮಿನಲ್ಲಿ ಗುರುತಿಲ್ಲದವರ ಚಾಟ್ ಮತ್ತು ಫ್ರೆಂಡ್ ರಿಕ್ವೆಸ್ಟ್ ನಿಲ್ಲಿಸಿ, ಟೆಲಿಗ್ರಾಮ್, ವಾಟ್ಸಾಪಿನಲ್ಲಿ ಯಾರು ಬೇಕಾದರೂ ಗ್ರೂಪಿಗೆ ಸೇರಿಸುವ ಹಾಗೆ ಇಡಬೇಡಿ. ಗೂಗಲ್ ಫ್ಯಾಮಿಲಿ ಲಿಂಕ್ ಅನ್ನುವ ಉಚಿತ ಆ್ಯಪ್ ಇದೆ. ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕು, ರಾತ್ರಿ ಇಷ್ಟು ಹೊತ್ತಿಗೆ ಬಂದ್ ಅಂತೆಲ್ಲ ಅದರಲ್ಲಿ ಮಾಡಬಹುದು. ಹಾಕುವುದಾದರೆ ಅವನ ಕಣ್ಣ ಮುಂದೆ ಹಾಕಿ.

ನಿಜಕ್ಕೂ ಬದಲಾಗಬೇಕಾದ್ದು ಉಪ್ಪರಿಗೆ. ಆನ್‌ಲೈನ್ ಕ್ಲಾಸಿನ ಆ ವರ್ಷ ನಮ್ಮ ಮಕ್ಕಳು ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದರು. ಕಷ್ಟವೇನೋ ಹೌದು. ಆದರೆ ಬಯಲಿನಲ್ಲಿ ಹತ್ತು ಜನರ ನಡುವೆ ಕೂತು ಫೋನ್ ನೋಡುತ್ತಿದ್ದರು. ಈಗ ಮನೆಗೆ ಫೈಬರ್ ಬಂತು, ಗುಡ್ಡದ ತುದಿಯಲ್ಲಿದ್ದದ್ದು ಕತ್ತಲೆ ಕೋಣೆಗೆ ಬಂತು. ರಾತ್ರಿ ಚಾರ್ಜರ್ ಜಗಲಿಯಲ್ಲಿರಲಿ, ಎಲ್ಲರ ಫೋನೂ ಅಲ್ಲೇ ಮಲಗಲಿ, ಯಜಮಾನರದ್ದೂ, ನಿಮ್ಮದೂ. ಸುಲಿತ ಮುಗಿಯುವವರೆಗೆ ಅವನ ಓದು ಕೆಳಗೇ ಆಗಲಿ. ಗಲಾಟೆ ಅಂತ ಗೊಣಗುತ್ತಾನೆ, ಗೊಣಗಲಿ.

ಕೊನೆಗೆ ನಿಮ್ಮ ಮುರಿದ ಮಾತು. ‘ಇನ್ನು ಖಂಡಿತ ನಿನ್ನ ಫೋನ್ ಮುಟ್ಟಲ್ಲ’ ಅಂತ ಮತ್ತೆ ಆಣೆ ಇಡಬೇಡಿ, ಮತ್ತೆ ಮುರಿಯುತ್ತೀರಿ. ‘ನೋಡ್ಬೇಕು ಅನ್ಸಿದ್ರೆ ನಿನ್ನ ಎದುರಿಗೇ ಕೇಳಿ ನೋಡ್ತೀನಿ, ನೀನು ಮಲಗಿದ ಮೇಲೆ ನೋಡಲ್ಲ’ ಅನ್ನಿ. ಇಷ್ಟನ್ನು ನಡೆಸಿಕೊಂಡು ಹೋಗಬಹುದು. ಅವನು ನಾಳೆಯೇ ಫೋನಿನ ಪ್ಯಾಟರ್ನ್ ಬದಲಿಸಿದರೆ ಬದಲಿಸಲಿ ಬಿಡಿ.