ಹೊಸ ಲ್ಯಾಪ್‌ಟಾಪಿನ ಮೂಲೆಯಲ್ಲಿ ನೆಗ್ಗು: ಇಟ್ಟುಕೊಳ್ಳುವುದೋ, ಹಿಂದಿರುಗಿಸುವುದೋ?

ಪ್ರಶ್ನೆ: ಮಗ ಈ ವರ್ಷ ಮಂಗಳೂರಿನಲ್ಲಿ ಎಂಜಿನಿಯರಿಂಗ್‌ಗೆ ಸೇರುತ್ತಿದ್ದಾನೆ. ಅವನಿಗಾಗಿ ಆನ್‌ಲೈನ್‌ನಲ್ಲಿ 62,000 ರೂಪಾಯಿಯ ಲ್ಯಾಪ್‌ಟಾಪ್ ತರಿಸಿದೆವು. ಮೊನ್ನೆ ಮನೆಗೆ ಬಂದಿದೆ, ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಮುಚ್ಚಳದ ಬಲಮೂಲೆಯಲ್ಲಿ, ಹಿಂಜಿನ ಹತ್ತಿರ, ರಾಗಿಕಾಳಿನಷ್ಟು ನೆಗ್ಗು ಮತ್ತು ಅದರ ಪಕ್ಕದಲ್ಲೊಂದು ಸಣ್ಣ ಗೀರು ಇದೆ. 7 ದಿನದೊಳಗೆ ಬದಲಿಸಿಕೊಳ್ಳಲು ಅವಕಾಶವಿದೆ. ಗ್ರಾಹಕ ಸೇವೆಯವರು, ‘ಇದನ್ನೇ ಇಟ್ಟುಕೊಂಡರೆ 1,500 ರೂಪಾಯಿ ಮರಳಿಸುತ್ತೇವೆ’ ಎಂದಿದ್ದಾರೆ. ‘ಇಷ್ಟು ಸಣ್ಣದಕ್ಕೆ ಯಾಕೆ ರಗಳೆ’ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಪೂರ್ತಿ ದುಡ್ಡು ಕೊಟ್ಟು ಏಟು ಬಿದ್ದ ವಸ್ತು ತಂದೆವಲ್ಲ ಎಂಬ ಕಸಿವಿಸಿ ನನ್ನದು. ಮುಂದಿನ ವಾರ ಕಾಲೇಜು ಶುರು. ಏನು ಮಾಡುವುದು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಕಸಿವಿಸಿಯೂ ಸರಿ, ಯಜಮಾನರ ಮಾತಿನಲ್ಲಿಯೂ ಹುರುಳಿದೆ. ಆದರೆ ಇಬ್ಬರೂ ನೆಗ್ಗಿನ ಗಾತ್ರವನ್ನೇ ನೋಡುತ್ತಿದ್ದೀರಿ. ನಾನು ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ಕೇಳುತ್ತೇನೆ. ಹೊಸ ಲ್ಯಾಪ್‌ಟಾಪಿನ ಮೈಮೇಲಿನ ಗುರುತು ಕಾರ್ಖಾನೆಯಲ್ಲಿ ಆಗಿರಬಹುದು, ಸಾಗಣೆಯಲ್ಲಿ ಆಗಿರಬಹುದು, ಇಲ್ಲವೇ ನಿಮಗಿಂತ ಮೊದಲು ಬೇರೊಬ್ಬರು ಅದನ್ನು ಬಳಸಿ ಹಿಂದಿರುಗಿಸಿದ್ದಾಗ ಆಗಿರಬಹುದು. ಕಾರ್ಖಾನೆಯಿಂದಲೇ ಬಂದ ಬಣ್ಣದ ಚುಕ್ಕೆ, ತಳದ ರಬ್ಬರ್ ಕಾಲು ಸ್ವಲ್ಪ ಓರೆಯಾಗಿರುವುದು, ಲೋಗೋದ ಅಂಚು ಮಸುಕಾಗಿರುವುದು ಮುಂತಾದವು ಕಣ್ಣಿಗೆ ಮಾತ್ರ ಸಂಬಂಧಪಟ್ಟ ಕೊರತೆಗಳು. ಉಳಿದ ಎರಡು ಹಾಗಲ್ಲ.

ನೆಗ್ಗು ಮೂಲೆಯಲ್ಲಿ, ಅದೂ ಹಿಂಜಿನ ಪಕ್ಕದಲ್ಲಿ ಇದೆ ಎಂದಿದ್ದೀರಿ. ಲ್ಯಾಪ್‌ಟಾಪ್ ಬಿದ್ದಾಗ ಏಟು ಮೊದಲು ತಾಗುವುದು ಸಾಮಾನ್ಯವಾಗಿ ಮೂಲೆಗೇ. ಅಗ್ಗದ ಮತ್ತು ಮಧ್ಯಮ ಬೆಲೆಯ ಅನೇಕ ಮಾದರಿಗಳಲ್ಲಿ ಹಿಂಜಿನ ಸ್ಕ್ರೂಗಳು ಪ್ಲಾಸ್ಟಿಕ್ಕಿನ ಗುಬ್ಬಿಗಳೊಳಗೆ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಿಗೆ ಬಿಗಿದಿರುತ್ತವೆ. ಏಟಿಗೆ ಆ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಮುಚ್ಚಳವನ್ನು ತೆರೆದು ಮುಚ್ಚುವ ಒತ್ತಡಕ್ಕೆ ಬಿರುಕು ಬೆಳೆಯುತ್ತಾ ಹೋಗಿ, ಕೆಲವು ತಿಂಗಳ ನಂತರ ಒಂದು ದಿನ ಪರದೆಯ ಚೌಕಟ್ಟೇ ಬಾಯಿ ತೆರೆದುಕೊಳ್ಳುತ್ತದೆ. ರಿಪೇರಿ ಅಂಗಡಿಗಳಿಗೆ ಬರುವ ಹಿಂಜಿನ ದೂರುಗಳಲ್ಲಿ ಇದು ತೀರಾ ಪರಿಚಿತವಾದದ್ದು. ಆದ್ದರಿಂದ ನೆಗ್ಗು ರಾಗಿಕಾಳಿನಷ್ಟೇ ಇದ್ದರೂ ಅದರ ಹಿಂದೆ ಏನಿದೆ ಎಂಬುದನ್ನು ಪರೀಕ್ಷಿಸದೆ ನಿರ್ಧಾರಕ್ಕೆ ಬರಬೇಡಿ.

ಪರೀಕ್ಷೆಗೆ ಸಲಕರಣೆಗಳೇನೂ ಬೇಡ. ಲ್ಯಾಪ್‌ಟಾಪನ್ನು ಮುಚ್ಚಿ, ಸಮತಟ್ಟಾದ ಗ್ರಾನೈಟ್ ಕಟ್ಟೆಯ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ. ಕುಂಟುವ ಮೇಜಿನಂತೆ ಅಲುಗಾಡಿದರೆ ಚೌಕಟ್ಟು ತಿರುಚಿಕೊಂಡಿರುವ ಸಾಧ್ಯತೆ ಇದೆ. ಮುಚ್ಚಳ ಮತ್ತು ಕೆಳಭಾಗದ ನಡುವಿನ ಸಂದು ಎಡಬಲಗಳಲ್ಲಿ ಒಂದೇ ಸಮನಾಗಿದೆಯೇ ಎಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಬಳಿಕ ಮುಚ್ಚಳವನ್ನು ನಡುವಿನಲ್ಲಿ ಹಿಡಿದು ನಿಧಾನವಾಗಿ ಎತ್ತುತ್ತಾ ಬಲಗಡೆಯ ಹಿಂಜಿಗೆ ಕಿವಿಗೊಡಿ. ಟಿಕ್ಕೆನ್ನುವ ಸದ್ದು ಬಂದರೆ, ಅಥವಾ ಒಂದು ಬದಿ ಮೊದಲೆದ್ದು ಇನ್ನೊಂದು ತಡವಾಗಿ ಏಳುವಂತೆ ಅನ್ನಿಸಿದರೆ, ಅದು ಒಳ್ಳೆಯ ಲಕ್ಷಣವಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಪರದೆಯ ತುಂಬ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು, ನೆಗ್ಗಿರುವ ಮೂಲೆಯಲ್ಲಿ ಉಳಿದ ಮೂಲೆಗಳಿಗಿಂತ ಹೆಚ್ಚು ಬೆಳಕು ಸೋರುತ್ತಿದೆಯೇ ಎಂದು ಗಮನಿಸಿ. ವೈ-ಫೈ ಆಂಟೆನಾದ ತಂತಿಗಳು ಬಹಳಷ್ಟು ಮಾದರಿಗಳಲ್ಲಿ ಹಿಂಜಿನ ಮೂಲಕವೇ ಮುಚ್ಚಳದೊಳಗೆ ಹೋಗುತ್ತವೆ. ಹಾಗಾಗಿ ರೂಟರಿನಿಂದ ದೂರದ ಕೋಣೆಯಲ್ಲಿ ಕುಳಿತು, ಫೋನಿಗೆ ಸಿಗ್ನಲ್ ಚೆನ್ನಾಗಿರುವಲ್ಲಿ ಲ್ಯಾಪ್‌ಟಾಪಿಗೂ ಸಿಗುತ್ತಿದೆಯೇ ಎಂದು ಹೋಲಿಸಿ ನೋಡಿ.

ಇನ್ನು, ಇದನ್ನು ಬೇರೊಬ್ಬರು ಬಳಸಿದ್ದರೇ ಎಂಬ ಪ್ರಶ್ನೆ. ತಳದ ಸ್ಕ್ರೂಗಳ ತಲೆಯ ಮೇಲೆ ಗೀರುಗಳಿವೆಯೇ, ಚಾರ್ಜರಿನ ಪಿನ್ನು ಸವೆದಿದೆಯೇ ನೋಡಿ. ತಯಾರಕರ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಶುರುವಾದ ದಿನಾಂಕ ತಿಳಿಯುತ್ತದೆ. ಅದು ನಿಮ್ಮ ಬಿಲ್ಲಿಗಿಂತ ಹಿಂದಿನದ್ದಾದರೆ ತಕ್ಷಣ ಗಾಬರಿಪಡಬೇಕಾಗಿಲ್ಲ, ಕೆಲವು ಕಂಪನಿಗಳು ಸಾಗಣೆಯ ದಿನವನ್ನೇ ಆರಂಭವೆಂದು ನಮೂದಿಸಿರುತ್ತವೆ. ಆದರೆ ವಿವರಣೆಯನ್ನಂತೂ ಕೇಳಲೇಬೇಕು. ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆಯಬಹುದು, ನಿಮ್ಮ ಮಗನಿಗೆ ಅದು ಎರಡು ನಿಮಿಷದ ಕೆಲಸ. ಹೊಸ ಬ್ಯಾಟರಿಯ ಪೂರ್ಣ ಚಾರ್ಜಿನ ಸಾಮರ್ಥ್ಯ ವಿನ್ಯಾಸದ ಸಾಮರ್ಥ್ಯಕ್ಕೆ ಹತ್ತಿರದಲ್ಲಿರಬೇಕು, ಚಾರ್ಜ್ ಸೈಕಲ್‌ಗಳು ಬೆರಳೆಣಿಕೆಯಷ್ಟಿರಬೇಕು. ಎಸ್‌ಎಸ್‌ಡಿಯು, ಎಂದರೆ ಫೈಲುಗಳನ್ನು ಉಳಿಸಿಡುವ ಡ್ರೈವ್, ಒಟ್ಟು ಎಷ್ಟು ಗಂಟೆ ಚಾಲನೆಯಲ್ಲಿತ್ತು ಎಂಬ ಲೆಕ್ಕವೂ ಅದರೊಳಗೇ ಇರುತ್ತದೆ. ಕಾರ್ಖಾನೆಯ ಪರೀಕ್ಷೆಗೆ ಕೆಲವು ಗಂಟೆ ತಗಲುವುದು ಸಹಜ. ನೂರಾರು ಗಂಟೆ ತೋರಿಸಿದರೆ ನಿಮ್ಮ ಕೈಯಲ್ಲಿರುವುದು ಹೊಸ ಲ್ಯಾಪ್‌ಟಾಪ್ ಅಲ್ಲ.

ಇವುಗಳಲ್ಲಿ ಯಾವುದೊಂದರಲ್ಲಿ ತೊಡಕು ಕಂಡರೂ ಮರುಯೋಚನೆ ಬೇಡ, ಹಿಂದಿರುಗಿಸಿ. ಎಲ್ಲವೂ ಸರಿಯಿದ್ದರೆ ಮಾತ್ರ 1,500 ರೂಪಾಯಿಯ ಮಾತು ಬರುತ್ತದೆ. ಅದು ನೀವು ಕೊಟ್ಟ ಬೆಲೆಯ ಶೇ. 2.4ರಷ್ಟಾಗುತ್ತದೆ. ಆ ಮೊತ್ತವನ್ನು ಒಪ್ಪುವ ಮುನ್ನ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನು ಮಾಡಿ, ನಿಮ್ಮ ಮಾದರಿಯ ‘ಎ ಕವರ್’, ಎಂದರೆ ಮುಚ್ಚಳದ ಹೊರಕವಚ, ಕೂಲಿ ಸಮೇತ ಎಷ್ಟಾಗುತ್ತದೆ ಎಂದು ವಿಚಾರಿಸಿ. ಚೌಕಾಸಿಗೆ ನಿಮಗೆ ಬೇಕಾದ ಅಳತೆಗೋಲು ಅದೇ. ಕಂಪನಿಗಳ ವಾರಂಟಿಯಲ್ಲಿ ಗೀರು, ನೆಗ್ಗುಗಳಿಗೆ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಈ ನೆಗ್ಗು ಯಾರ ಜವಾಬ್ದಾರಿಯೂ ಆಗಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ತೊಂದರೆ ಇನ್ನೊಂದಿದೆ. ಎಂಟು ತಿಂಗಳ ನಂತರ ಪರದೆಯಲ್ಲಿ ಗೆರೆ ಬಂತೆಂದು ಸರ್ವಿಸ್ ಸೆಂಟರಿಗೆ ಹೋದರೆ, ಅಲ್ಲಿಯ ಎಂಜಿನಿಯರ್ ಮೊದಲು ನೋಡುವುದು ಈ ಮೂಲೆಯನ್ನೇ, ಮತ್ತು ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದು ವಾರಂಟಿಯನ್ನು ನಿರಾಕರಿಸುವುದಕ್ಕೆ ಅಷ್ಟೇ ಸಾಕು. ಹೀಗಾಗಿ ಇಟ್ಟುಕೊಳ್ಳುವುದಾದರೂ ನೆಗ್ಗು ಬರುವಾಗಲೇ ಇತ್ತು ಎಂಬುದನ್ನು ಫೋಟೋ ಸಮೇತ ಇಮೇಲ್ ಮೂಲಕ ಮಾರಾಟಗಾರರಿಂದಲೂ, ಸಾಧ್ಯವಾದರೆ ಕಂಪನಿಯಿಂದಲೂ ಒಪ್ಪಿಸಿ ಇಟ್ಟುಕೊಳ್ಳಿ.

ನನ್ನ ಸಲಹೆ: ನಿಮ್ಮ ಸಂದರ್ಭದಲ್ಲಿ ಬದಲಿಸಿಕೊಳ್ಳುವುದೇ ಒಳ್ಳೆಯದು. ಇದೇ ಗುರುತು ತಳಭಾಗದಲ್ಲಿದ್ದಿದ್ದರೆ, ಇಲ್ಲವೇ ಬರಿಯ ಬಣ್ಣದ ಕಲೆಯಾಗಿದ್ದರೆ, 1,500 ರೂಪಾಯಿ ತೆಗೆದುಕೊಂಡು ಸುಮ್ಮನಿರಿ ಎನ್ನುತ್ತಿದ್ದೆ. ಇದು ಹಿಂಜಿನ ಮೂಲೆ. ಹುಡುಗ ನಾಲ್ಕು ವರ್ಷ ಬ್ಯಾಗಿನಲ್ಲಿ ಹೊತ್ತುಕೊಂಡು ಹಾಸ್ಟೆಲ್ಲಿಗೂ ಲ್ಯಾಬಿಗೂ ಓಡಾಡುವ ಲ್ಯಾಪ್‌ಟಾಪ್. ಬದಲಿಗೆ ಬರುವುದು ಇದಕ್ಕಿಂತ ಚೆನ್ನಾಗಿರುತ್ತದೆ ಎಂಬ ಖಾತರಿ ಇಲ್ಲ ಎನ್ನುವುದೂ ನಿಜ, ಪರದೆಯ ವಿಚಾರದಲ್ಲಂತೂ ಅದು ಅದೃಷ್ಟದ ಮಾತು. ಆದ್ದರಿಂದ ಓಪನ್ ಬಾಕ್ಸ್ ಡೆಲಿವರಿ ಸೌಲಭ್ಯವಿದ್ದರೆ ಅದನ್ನೇ ಕೇಳಿ, ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆಯೇ ಒಟಿಪಿ ಕೊಡಿ.

ಹಿಂದಿರುಗಿಸುವ ಮುನ್ನ ಕೆಲವು ಎಚ್ಚರಿಕೆಗಳು ಬೇಕು. ದೂರು ದಾಖಲಿಸುವಾಗ ‘ಹಾನಿಗೊಂಡ ವಸ್ತು ಬಂದಿದೆ’ ಎಂಬ ಕಾರಣವನ್ನು ಆರಿಸಿ. ‘ಮನಸ್ಸು ಬದಲಾಯಿತು’ ಎಂಬುದನ್ನು ಒತ್ತಿದರೆ ಲ್ಯಾಪ್‌ಟಾಪಿನಂಥ ವಸ್ತುವಿಗೆ ಅವಕಾಶವೇ ಸಿಗದಿರಬಹುದು. ಲ್ಯಾಪ್‌ಟಾಪಿನ ಜೊತೆ ಬಂದಿರುವ ಆಫೀಸ್ ತಂತ್ರಾಂಶವನ್ನು ಇನ್ನೂ ಸಕ್ರಿಯಗೊಳಿಸಿಲ್ಲವಾದರೆ ಹಾಗೆಯೇ ಬಿಡಿ, ಒಮ್ಮೆ ಮಾಡಿದರೆ ಆ ಪರವಾನಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಳ್ಳುತ್ತದೆ. ಮಗ ಈಗಾಗಲೇ ಫೈಲುಗಳನ್ನು ಹಾಕಿದ್ದರೆ ಅವನ್ನು ಬೇರೆಡೆಗೆ ನಕಲಿಸಿಕೊಂಡು, ವಿಂಡೋಸನ್ನು ಪೂರ್ತಿ ರೀಸೆಟ್ ಮಾಡಲಿ. ಒಯ್ಯಲು ಬರುವವರು ಪೆಟ್ಟಿಗೆಯ ಮೇಲಿನ, ಲ್ಯಾಪ್‌ಟಾಪಿನ ತಳದಲ್ಲಿರುವ ಮತ್ತು ಬಿಲ್ಲಿನಲ್ಲಿರುವ ಸೀರಿಯಲ್ ನಂಬರುಗಳನ್ನು ತಾಳೆ ನೋಡುತ್ತಾರೆ. ಚಾರ್ಜರ್, ಥರ್ಮೋಕೋಲ್, ಕಾಗದಪತ್ರಗಳೆಲ್ಲ ಮೊದಲಿದ್ದಂತೆಯೇ ಇರಲಿ. ಬದಲಿಯ ಬದಲು ಹಣ ವಾಪಸ್ ಪಡೆಯುವುದಾದರೆ ಇಎಂಐನ ಪ್ರೊಸೆಸಿಂಗ್ ಶುಲ್ಕವನ್ನು ಬ್ಯಾಂಕು ಮರಳಿಸುತ್ತದೆಯೇ ಎಂದೂ, ಹಳೆಯ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರೆ ಅದರ ಗತಿ ಏನೆಂದೂ ಮೊದಲೇ ಕೇಳಿಕೊಳ್ಳಿ.

‘ಸರ್ವಿಸ್ ಸೆಂಟರಿನಿಂದ ಡಿಓಎ ಪತ್ರ ತನ್ನಿ’ ಎಂದು ನಿಮ್ಮನ್ನು ಅಲೆದಾಡಿಸುವ ಸಾಧ್ಯತೆಯೂ ಇದೆ. ಡಿಓಎ ಇರುವುದು ಬಂದಾಗಲೇ ಕೆಟ್ಟಿರುವ ಯಂತ್ರಗಳಿಗೆ. ನಿಮ್ಮದು ಚೆನ್ನಾಗಿ ನಡೆಯುತ್ತಿರುವುದರಿಂದ ಅವರು ಪತ್ರ ಕೊಡುವುದಿಲ್ಲ, ಅಷ್ಟರಲ್ಲಿ 7 ದಿನ ಮುಗಿದಿರುತ್ತದೆ. ಆದ್ದರಿಂದ ಇವತ್ತೇ ಬರವಣಿಗೆಯಲ್ಲಿ ದೂರು ಕೊಟ್ಟು, ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿಯು 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದೇನೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಮಾರಾಟಗಾರರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಶಿವಮೊಗ್ಗದಲ್ಲೇ ದೂರು ಕೊಡಲು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಅವಕಾಶ ನೀಡಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ರಾಗಿಕಾಳಿನಷ್ಟು ನೆಗ್ಗಿಗಾಗಿ ಅಲ್ಲಿಯವರೆಗೆ ಹೋಗಬೇಕೆಂದು ನಾನು ಹೇಳುವುದಿಲ್ಲ, ಆದರೆ ಮಾತುಕತೆಯಲ್ಲಿ ಈ ನಿಯಮಗಳನ್ನು ಹೆಸರಿಸಿದರೆ ಎದುರಿನವರ ದನಿ ಬದಲಾಗುವುದುಂಟು.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ಕೊಂಡೆ. ಮನೆಗೆ ಬಂದು ನೋಡಿದರೆ ಪರದೆಯ ಎಡ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಬಿಲ್ಲಿನಲ್ಲಿ ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ಮುದ್ರಿಸಿದ್ದಾರೆ. ಬದಲಿಸಿಕೊಡಿ ಎಂದು ಕೇಳಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಕೇಳಬಹುದು, ಆದರೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳು, ಎಂದರೆ ಚಿತ್ರ ಮೂಡಿಸುವ ಪುಟ್ಟ ಚುಕ್ಕೆಗಳು, ಇರುತ್ತವೆ. ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡವು ಪರದೆಗಳನ್ನು ದೋಷದ ಪ್ರಮಾಣಕ್ಕೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸುತ್ತದೆ. ಎರಡನೆಯ ವರ್ಗದ ಪರದೆಯಲ್ಲಿ ಪ್ರತಿ 10 ಲಕ್ಷ ಪಿಕ್ಸೆಲ್‌ಗಳಿಗೆ 2 ಪೂರ್ತಿ ಕಪ್ಪಾದ ಚುಕ್ಕೆಗಳಿದ್ದರೂ ಅದು ಮಾನದಂಡಕ್ಕೆ ಒಳಪಟ್ಟಂತೆಯೇ. ಬಹಳಷ್ಟು ಕಂಪನಿಗಳು ಇದೇ ರೀತಿಯ ಮಿತಿಯನ್ನು ತಮ್ಮ ವಾರಂಟಿಯಲ್ಲಿ ಇಟ್ಟುಕೊಂಡಿರುತ್ತವೆ, ಹಾಗಾಗಿ ಅಂಚಿನ ಒಂದೇ ಚುಕ್ಕೆಗೆ ಸರ್ವಿಸ್ ಸೆಂಟರಿನವರು ಪರದೆ ಬದಲಿಸಿಕೊಡುವುದು ಕಷ್ಟ.

ಬಿಲ್ಲಿನ ಮೇಲಿನ ಆ ಸಾಲಿಗೆ ಮಾತ್ರ ಹೆದರಬೇಡಿ. ದೋಷವಿರುವ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನು 2019ರ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಲ್ಲಿನಲ್ಲಿ ಅವಧಿ ನಮೂದಾಗಿಲ್ಲದಿದ್ದರೆ ಅದು 30 ದಿನ. ನಿಮ್ಮ ತೊಡಕಿರುವುದು ಆ ಸಾಲಿನಲ್ಲಲ್ಲ, ಒಂದು ಚುಕ್ಕೆಯನ್ನು ದೋಷವೆಂದು ಒಪ್ಪಿಸುವುದರಲ್ಲಿ. ಚುಕ್ಕೆ ಕಪ್ಪಲ್ಲದೆ ಸದಾ ಹೊಳೆಯುವಂಥದ್ದಾಗಿದ್ದರೆ, ಪರದೆಯ ನಡುಭಾಗದಲ್ಲಿದ್ದರೆ, ಅಥವಾ ಎರಡು ವಾರದಲ್ಲಿ ಒಂದು ಮೂರಾದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಬಿಳಿ ಚಿತ್ರವೊಂದನ್ನು ಪರದೆ ತುಂಬ ತೆರೆದು, ದಿನಾಂಕ ಕಾಣುವಂತೆ ಈಗಲೇ ಒಂದು ಫೋಟೋ ತೆಗೆದಿಡಿ. ಅಂಗಡಿಯವರಿಗೂ ಈ ವಾರವೇ ವಾಟ್ಸ್‌ಆ್ಯಪ್‌ನಲ್ಲಾದರೂ ತಿಳಿಸಿಡಿ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಕೊಂಡವರು ತಕರಾರನ್ನು ತಿಳಿಸದೆ ತಕ್ಕಷ್ಟು ಕಾಲ ವಸ್ತುವನ್ನು ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡರೆಂದೇ ಅರ್ಥ.