ಕಟಿಸ್ನಾನದ ತೊಟ್ಟಿಯಿಂದ ವಿಮೆಯ ಕಾಗದದವರೆಗೆ: ಪ್ರಕೃತಿ ಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮೂರಲ್ಲಿ ಮಸಾಜ್ ಕೇಂದ್ರದವರೂ 'ನ್ಯಾಚುರೋಪತಿ' ಎಂದು ಬೋರ್ಡ್ ಹಾಕಿದ್ದಾರೆ. ಮೂರು ತಿಂಗಳ ಅಂಚೆ ಕೋರ್ಸ್ ಮಾಡಿದವರೂ ಹೆಸರಿನ ಹಿಂದೆ 'ಡಾ.' ಸೇರಿಸಿಕೊಂಡಿದ್ದಾರೆ. ನಿಜವಾದ ಪ್ರಕೃತಿ ಚಿಕಿತ್ಸಾ ವೈದ್ಯರನ್ನು ಗುರುತಿಸುವುದು ಹೇಗೆ?
— ಓದುಗರು, ತಿಪಟೂರು

ಉತ್ತರ: ಪದವಿಯ ಹೆಸರು ಕೇಳಿ. ಕರ್ನಾಟಕದಲ್ಲಿ ಇದಕ್ಕಿರುವ ವೈದ್ಯ ಪದವಿ 'ಬ್ಯಾಚುಲರ್ ಆಫ್ ನ್ಯಾಚುರೋಪತಿ ಅಂಡ್ ಯೋಗಿಕ್ ಸೈನ್ಸಸ್', ಅಂದರೆ ಬಿಎನ್‌ವೈಎಸ್. ಪಿಯುಸಿ ವಿಜ್ಞಾನದ ನಂತರ ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಶರೀರರಚನೆ, ರೋಗಶಾಸ್ತ್ರ, ರಕ್ತಪರೀಕ್ಷೆಯ ವರದಿ ಓದುವುದು ಎಲ್ಲವೂ ಪಠ್ಯದಲ್ಲಿರುತ್ತದೆ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಈ ಪದವಿ ಕಲಿಸುತ್ತಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಪದವಿ ಇದ್ದರೆ ಸಾಲದು, ರಾಜ್ಯದ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆಯೂ ಬೇಕು. ಖಾಸಗಿ ಕೇಂದ್ರವಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ಪ್ರಮಾಣಪತ್ರ ಗೋಡೆಯ ಮೇಲಿರಬೇಕು. ಕೇಳಿದ ತಕ್ಷಣ ತೋರಿಸುವವರಲ್ಲಿ ಹೋಗಿ. ಮಾತು ಮರೆಸಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಆಯುರ್ವೇದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಹೇಳಿಬಿಡುತ್ತೇವೆ. ಇಲ್ಲಿ ಕಷಾಯ, ಲೇಹ್ಯ, ಭಸ್ಮ ಇಲ್ಲ. ನೀರು, ಮಣ್ಣು, ಬಿಸಿಲು, ಅಂಗಮರ್ದನ, ಆಹಾರ, ಉಪವಾಸ, ಯೋಗ ಇಷ್ಟೇ. ಬಿಎನ್‌ವೈಎಸ್ ವೈದ್ಯರೆಂದು ಹೇಳಿಕೊಂಡವರು ಹೆಸರಿಲ್ಲದ ಪುಡಿಯ ಪೊಟ್ಟಣ ಕೊಟ್ಟರೆ ಅನುಮಾನಪಡಿ.

ಪ್ರಶ್ನೆ: ವಯಸ್ಸು 58, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಮೂರೂ ನುಂಗುತ್ತೇನೆ, ಬಿಪಿ ಮಾತ್ರೆಯೂ ಇದೆ. ಹತ್ತು ದಿನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗೆ ಸೇರಬೇಕೆಂದಿದ್ದೇನೆ. 'ಅಲ್ಲಿ ಹೋದ ಮೇಲೆ ಮಾತ್ರೆ ಯಾಕೆ' ಎನ್ನುತ್ತಾರೆ ನೆಂಟರು. ಅಲ್ಲಿ ಏನೇನು ಮಾಡುತ್ತಾರೆ?
— ಓದುಗರು, ಹಾವೇರಿ

ಉತ್ತರ: ದಿನಚರಿ ಬಹುತೇಕ ಎಲ್ಲ ಕಡೆ ಒಂದೇ ಬಗೆಯದು. ನಸುಕಿನಲ್ಲಿ ಎಬ್ಬಿಸಿ ಜಲನೇತಿ (ಮೂಗಿನಲ್ಲಿ ನೀರು ಹಾಯಿಸಿ ತೊಳೆಯುವುದು), ಯೋಗ, ನಡಿಗೆ. ಬೆಳಿಗ್ಗೆ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಮೊದಲ ದಿನಗಳಲ್ಲಿ ಎನಿಮಾ, ನಂತರ ಮಸಾಜ್, ಹಬೆ ಅಥವಾ ಕಟಿಸ್ನಾನ (ಸೊಂಟದ ಭಾಗ ಮಾತ್ರ ನೀರಿನಲ್ಲಿರುವಂತೆ ತೊಟ್ಟಿಯಲ್ಲಿ ಕೂರುವುದು). ಊಟ ಎರಡೇ ಹೊತ್ತು: ಬೆಳಿಗ್ಗೆ ಹತ್ತೂವರೆ-ಹನ್ನೊಂದಕ್ಕೆ ಒಮ್ಮೆ, ಸಂಜೆ ಕತ್ತಲಾಗುವ ಮುನ್ನ ಇನ್ನೊಮ್ಮೆ. ನಡುವೆ ಬೂದುಗುಂಬಳದ ರಸವೋ ಮಜ್ಜಿಗೆಯೋ ಬರುತ್ತದೆ.

ಇದರಿಂದ ಸಕ್ಕರೆ ಇಳಿಯುತ್ತದೆ. ಅನ್ನ-ಮುದ್ದೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಾಗ ಇಳಿಯಲೇಬೇಕು. ಆದರೆ ಇಳಿಯುವ ಸಕ್ಕರೆಯ ಮೇಲೆ ಹಳೆಯ ಪ್ರಮಾಣದ ಮಾತ್ರೆಯೂ ಬಿದ್ದರೆ ಅಪಾಯ ಅಲ್ಲಿಂದಲೇ ಶುರು. ಆದ್ದರಿಂದ ನೆಂಟರ ಮಾತೂ ತಪ್ಪು, 'ಒಂದೂ ಬದಲಿಸಬೇಡಿ' ಎನ್ನುವವರ ಮಾತೂ ತಪ್ಪು. ಪ್ರತಿ ಮಾತ್ರೆಗೂ ಬೇರೆ ಲೆಕ್ಕ ಬೇಕು.

ಗ್ಲಿಮೆಪಿರೈಡ್ ಹೊಟ್ಟೆಗೆ ಊಟ ಬಿತ್ತೋ ಇಲ್ಲವೋ ಎಂದು ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಬರೀ ರಸ ಕುಡಿದಿರುವ ರಸಾಹಾರದ ದಿನ ಅದನ್ನು ಎಂದಿನಂತೆ ನುಂಗಿದರೆ ಬೆವರು, ನಡುಕ, ಕಣ್ಣು ಕತ್ತಲೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದೂ ಉಂಟು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿದರೆ ಅದು ಉಪವಾಸ ಮುಂದುವರಿಸುವ ಹೊತ್ತಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಡಪಾಗ್ಲಿಫ್ಲೋಜಿನ್ ಕಥೆಯೇ ಬೇರೆ. ಉಪವಾಸದಲ್ಲಿ ಅದು ರಕ್ತವನ್ನು ಆಮ್ಲೀಯಗೊಳಿಸುವ ಕೀಟೋಆಸಿಡೋಸಿಸ್ ತರಬಲ್ಲದು, ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಏರದೆ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡಾಗ ಮೀಟರ್ ನೋಡಿ 'ಸಕ್ಕರೆ ಸರಿಯಾಗಿಯೇ ಇದೆ' ಎಂದು ಸಮಾಧಾನಪಡುವವರು ಮೋಸಹೋಗುವುದು ಇಲ್ಲೇ. ಇದನ್ನು ಉಪವಾಸಕ್ಕೆ ಕೆಲವು ದಿನ ಮೊದಲೇ ನಿಲ್ಲಿಸಬೇಕೇ ಎಂದು ಮಾತ್ರೆ ಬರೆದ ವೈದ್ಯರನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಬಿಪಿ ಮಾತ್ರೆ, ಕಡಿಮೆ ಉಪ್ಪು, ಹಬೆ ಸ್ನಾನ ಒಟ್ಟು ಸೇರಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ. ಆದ್ದರಿಂದ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಲು ಹೇಳಿ.

ಥೈರಾಯ್ಡ್, ಮೂರ್ಛೆ, ಸ್ಟೀರಾಯ್ಡ್, ರಕ್ತ ತಿಳಿಮಾಡುವ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಹಾಕಿದ ನಂತರದ ಮಾತ್ರೆ ಇವುಗಳನ್ನು ಯಾರು ಹೇಳಿದರೂ ತಾವಾಗಿ ಬಿಡುವಂತಿಲ್ಲ. ಮೊದಲ ದಿನವೇ 'ಎಲ್ಲ ಮಾತ್ರೆ ಡಬ್ಬಕ್ಕೆ ಹಾಕಿ' ಎನ್ನುವ ಕೇಂದ್ರಕ್ಕಿಂತ, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿ ಮಾತ್ರೆ ತಗ್ಗಿಸುವ ಕೇಂದ್ರ ಸಾವಿರ ಪಾಲು ಮೇಲು.

ಇನ್ನೊಂದು ವಿಚಾರ. ಹತ್ತನೇ ದಿನದ ಸಕ್ಕರೆ ನೋಡಿ ಕಾಯಿಲೆ ಹೋಯಿತೆಂದುಕೊಳ್ಳಬೇಡಿ. ತೂಕದಲ್ಲಿ ಮೊದಲ ವಾರ ಇಳಿಯುವ ಮೂರು-ನಾಲ್ಕು ಕಿಲೋದಲ್ಲಿ ಬಹುಪಾಲು ನೀರೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರನ್ನು ಜೊತೆಗೆ ಕರೆದೊಯ್ಯುತ್ತದೆ. ಮನೆಗೆ ಬಂದು ಮೂರು ತಿಂಗಳ ನಂತರ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಆಸ್ಪತ್ರೆಯ ಊಟದ ಕ್ರಮ ಮನೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಆ ಅಂಕಿ ಹೇಳುತ್ತದೆ.

ಪ್ರಶ್ನೆ: ಮಲಬದ್ಧತೆಗೆ ಮನೆಯಲ್ಲೇ ಮಣ್ಣಿನ ಪಟ್ಟಿ, ಕಟಿಸ್ನಾನ ಮಾಡಿಕೊಳ್ಳಬಹುದೇ? ಸರಿಯಾದ ಕ್ರಮ ತಿಳಿಸಿ.
— ಓದುಗರು, ಸಾಗರ

ಉತ್ತರ: ಮಾಡಿಕೊಳ್ಳಬಹುದು. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ ಇದ್ದರೆ ಅಥವಾ ನಲವತ್ತೈದು ದಾಟಿದ ಮೇಲೆ ಹೊಸದಾಗಿ ಮಲಬದ್ಧತೆ ಶುರುವಾಗಿದ್ದರೆ ಮೊದಲು ಪರೀಕ್ಷೆ, ಆಮೇಲೆ ಮಣ್ಣು. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಥೈರಾಯ್ಡ್ ಕೊರತೆಯೂ ಮಲ ಕಟ್ಟಿಸುತ್ತವೆ. ಕಾರಣ ಅದಾದರೆ ತೊಟ್ಟಿಯಲ್ಲಿ ಎಷ್ಟು ಕೂತರೂ ಫಲವಿಲ್ಲ.

ಮಣ್ಣು ಮೂರು-ನಾಲ್ಕು ಅಡಿ ಆಳದ್ದಾಗಬೇಕು. ಗೊಬ್ಬರ, ಔಷಧಿ ಸಿಂಪಡಿಸಿದ ತೋಟದ ಮೇಲ್ಮಣ್ಣು ಬೇಡವೇ ಬೇಡ. ಕಲ್ಲು, ಬೇರು ಆರಿಸಿ, ಎರಡು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯಿರಿ. ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಅದು ದೋಸೆ ಹಿಟ್ಟಿನಷ್ಟು ತೆಳ್ಳಗೂ ಇರಬಾರದು, ರೊಟ್ಟಿ ಹಿಟ್ಟಿನಷ್ಟು ಗಟ್ಟಿಯೂ ಇರಬಾರದು. ತೆಳುವಾದರೆ ಹರಿದು ಹಾಸಿಗೆ ಸೇರುತ್ತದೆ, ಗಟ್ಟಿಯಾದರೆ ಚರ್ಮಕ್ಕೆ ಕೂರದೆ ಬಿರುಕು ಬಿಡುತ್ತದೆ. ತೆಳು ಹತ್ತಿಬಟ್ಟೆಯಲ್ಲಿ ಹತ್ತು ಇಂಚು ಉದ್ದ, ಆರು ಇಂಚು ಅಗಲ, ಒಂದು ಇಂಚು ದಪ್ಪಕ್ಕೆ ಹರಡಿ ಮಡಚಿ, ಖಾಲಿ ಹೊಟ್ಟೆಯಲ್ಲಿ ಹೊಕ್ಕುಳಿಂದ ಕೆಳಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಮೇಲೆ ಕಂಬಳಿ ಹೊದೆಯಿರಿ. ಗಾಯ, ಕಜ್ಜಿ ಇರುವ ಚರ್ಮಕ್ಕೆ ಮಣ್ಣು ತಾಗಿಸಬೇಡಿ, ಧನುರ್ವಾಯು ರೋಗಾಣುಗಳ ಮನೆಯೇ ಮಣ್ಣು. ಒಬ್ಬರಿಗೆ ಹಾಕಿದ ಮಣ್ಣು ಇನ್ನೊಬ್ಬರಿಗೆ ಬೇಡ.

ಕಟಿಸ್ನಾನಕ್ಕೆ ಒರಗಿ ಕೂರುವ ಅಗಲ ತೊಟ್ಟಿ ಬೇಕು. ಕಾಲು, ಎದೆ ಹೊರಗೆ. ನೀರು ಹೊಕ್ಕುಳವರೆಗೆ ಮಾತ್ರ. ಹಳೆಯ ಕೈಪಿಡಿಗಳು 10ರಿಂದ 18 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ, ಅಷ್ಟು ತಣ್ಣೀರು ಹೊಸಬರಿಗೆ ಸಲ್ಲದು. 22-25 ಡಿಗ್ರಿಯಿಂದ ಶುರುಮಾಡಿ, ಹತ್ತು ನಿಮಿಷ ಸಾಕು. ವಾರ ಕಳೆದ ಮೇಲೆ ಹದಿನೈದು, ಇಪ್ಪತ್ತಕ್ಕೆ ಹೋಗಿ. ಕೂತಿರುವಾಗ ಒರಟು ಬಟ್ಟೆಯಿಂದ ಹೊಟ್ಟೆ ಉಜ್ಜಬೇಕು: ಬಲಗಡೆ ಕೆಳಗಿನಿಂದ ಮೇಲಕ್ಕೆ, ಅಡ್ಡಲಾಗಿ ಎಡಕ್ಕೆ, ಅಲ್ಲಿಂದ ಕೆಳಕ್ಕೆ. ದೊಡ್ಡ ಕರುಳು ಸಾಗುವ ದಾರಿ ಅದು. ಎದ್ದ ಕೂಡಲೇ ಒರೆಸಿಕೊಂಡು ಬಿರುಸಾಗಿ ನಡೆಯಿರಿ. ಈ ನಡಿಗೆಯನ್ನು ಬಿಟ್ಟುಬಿಡುವುದೇ ಹೆಚ್ಚಿನವರ ತಪ್ಪು. ಮೈ ಬಿಸಿಯಾಗದೆ ಮತ್ತೆ ಮಲಗಿದರೆ ಸೊಂಟ ಹಿಡಿಯುತ್ತದೆ, ನೆಗಡಿಯಾಗುತ್ತದೆ. ಚಳಿ ನಡುಗಿದರೆ ನಿಮಿಷ ಎಣಿಸದೆ ಎದ್ದುಬಿಡಿ. ಮುಟ್ಟು, ಗರ್ಭ, ಮೂತ್ರದ ಸೋಂಕು, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರನೋವು), ಹೃದ್ರೋಗ ಇರುವವರಿಗೆ ತಣ್ಣೀರ ಕಟಿಸ್ನಾನ ಬೇಡ.

ಈ ತೊಟ್ಟಿಯನ್ನು ಪ್ರಸಿದ್ಧಗೊಳಿಸಿದವರು ಹತ್ತೊಂಬತ್ತನೇ ಶತಮಾನದ ಜರ್ಮನಿಯ ಲೈಪ್‌ಜಿಗ್‌ನ ಲೂಯಿ ಕೂನೆ. ಗಾಂಧೀಜಿ ಅವರನ್ನು ಓದಿ, ತಾವೂ ಪ್ರಯೋಗಿಸಿದರು. ಎಲ್ಲ ರೋಗಕ್ಕೂ ದೇಹದಲ್ಲಿ ಸೇರಿದ 'ಅನ್ಯವಸ್ತು' ಒಂದೇ ಕಾರಣ ಎಂಬ ಕೂನೆಯವರ ವಾದ ಇಂದು ನಿಲ್ಲುವುದಿಲ್ಲ. ಸ್ನಾನದ ಕ್ರಮವನ್ನು ಇಟ್ಟುಕೊಂಡು ವಾದವನ್ನು ಬಿಡುವುದರಲ್ಲಿ ನಷ್ಟವೇನೂ ಇಲ್ಲ.

ಪ್ರಶ್ನೆ: ಉಪವಾಸದ ಎರಡನೇ ದಿನ ವಿಪರೀತ ತಲೆನೋವು. 'ವಿಷ ಹೊರಬರುತ್ತಿದೆ' ಎಂದರು. ನಿಜವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಚಿಕ್ಕಮಗಳೂರಿನವರಿಗೆ ಮೊದಲ ಅನುಮಾನ ಕಾಫಿಯ ಮೇಲೆಯೇ. ದಿನಕ್ಕೆ ಮೂರು-ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಹತ್ತಿ, ಎರಡನೇ ದಿನ ಜೋರಾಗಿ, ವಾರದಲ್ಲಿ ಇಳಿಯುತ್ತದೆ. ಹೋಗುವ ಹತ್ತು ದಿನ ಮುಂಚಿನಿಂದ ಎರಡು ದಿನಕ್ಕೊಮ್ಮೆ ಅರ್ಧ ಲೋಟ ಕಡಿಮೆ ಮಾಡುತ್ತಾ ಬಂದರೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ನೀರು, ಉಪ್ಪು ಕಡಿಮೆಯಾದರೂ ತಲೆ ನೋಯುತ್ತದೆ. ಆದರೆ 102 ಡಿಗ್ರಿ ಜ್ವರ, ಎದೆನೋವು, ಮಾತು ತೊದಲುವುದು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು ಇವಕ್ಕೆ 'ಗುಣವಾಗುವ ಮುನ್ನಿನ ಬಿಕ್ಕಟ್ಟು' ಎಂಬ ಹೆಸರು ಕೊಟ್ಟು ಯಾರಾದರೂ ಕೂರಿಸಿದರೆ ಕೂರಬೇಡಿ, ತುರ್ತು ಚಿಕಿತ್ಸಾ ಘಟಕಕ್ಕೆ ನಡೆಯಿರಿ.

ಪ್ರಶ್ನೆ: ದಿನಾ ಸೋರೆಕಾಯಿ ರಸ ಕುಡಿಯಬಹುದೇ? ತಂದೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತಪರೀಕ್ಷೆಯ ಅಂಕಿ) 3 ಇದೆ, ಅವರಿಗೂ ಕೊಡುತ್ತಿದ್ದೇನೆ.
— ಓದುಗರು, ರಾಯಚೂರು

ಉತ್ತರ: ತಂದೆಗೆ ಇಂದೇ ನಿಲ್ಲಿಸಿ. ಮೂತ್ರಪಿಂಡ ಸೋತವರಲ್ಲಿ ತರಕಾರಿ-ಹಣ್ಣಿನ ರಸ, ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತದೆ. ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನಂತೂ ಅವರ ಹತ್ತಿರಕ್ಕೂ ಸುಳಿಯಗೊಡಬೇಡಿ. ನೀವು ಕುಡಿಯುವುದಾದರೆ ಪ್ರತಿ ಕಾಯಿಯ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ತಿಪ್ಪೆಗೆ ಎಸೆಯಿರಿ, ಜೇನು ಬೆರೆಸಿ ಕುಡಿಯಬೇಡಿ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ರಕ್ತವಾಂತಿ ತರಿಸಿ, ಬಿಪಿ ಕುಸಿಸಿ ಜೀವ ತೆಗೆದದ್ದೂ ಇದೆ. ಬೇರೆ ರಸದ ಜೊತೆ ಬೆರೆಸಿದರೆ ಕಹಿ ಗೊತ್ತಾಗುವುದಿಲ್ಲ.

ಪ್ರಶ್ನೆ: ಪ್ರಕೃತಿ ಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಪಾಲಿಸಿಯ ಎರಡು ಕಡೆ ಓದಿ. ಆಯುಷ್ (ಆಯುರ್ವೇದ, ಹೋಮಿಯೋಪಥಿ ಮುಂತಾದ ಪದ್ಧತಿಗಳು) ಎಂಬಲ್ಲಿ ಯೋಗ ಮತ್ತು ಪ್ರಕೃತಿ ಚಿಕಿತ್ಸೆ ಸೇರಿರುತ್ತದೆ. ಹೊರಗಿಟ್ಟವುಗಳ ಪಟ್ಟಿಯ 13ನೇ ಸಂಕೇತದಲ್ಲಿ ನೇಚರ್ ಕ್ಯೂರ್ ಕ್ಲಿನಿಕ್, ಸ್ಪಾ ಮುಂತಾದವುಗಳಿಗೆ ಹಣವಿಲ್ಲ ಎಂದೂ ಇರುತ್ತದೆ. ಕ್ಲೇಮ್ ತಿರಸ್ಕಾರವಾಗುವುದು ಈ ಎರಡರ ನಡುವೆ. ಸೇರುವ ಮುನ್ನ ನೋಡಬೇಕಾದದ್ದು ಇಷ್ಟು: ಕನಿಷ್ಠ ಐದು ಹಾಸಿಗೆ, ಹಗಲಿರುಳು ಅರ್ಹ ವೈದ್ಯರ ಉಸ್ತುವಾರಿ, ದಿನದಿನದ ದಾಖಲೆ ಇರುವ ಆಸ್ಪತ್ರೆಯೇ? ಡಿಸ್ಚಾರ್ಜ್ ಚೀಟಿಯಲ್ಲಿ 'ಪುನಶ್ಚೇತನ' ಎಂದಿದ್ದರೆ ಹಣ ಬಾರದು, ರೋಗದ ಹೆಸರು ಇರಬೇಕು. ಇಲ್ಲದ ರೋಗವನ್ನು ಬರೆಸಿಕೊಳ್ಳುವುದು ವಂಚನೆ. ಕಂಪನಿಯಿಂದ ಮುಂಚಿತವಾಗಿ ಇಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ.

ಪ್ರಶ್ನೆ: ಇಲ್ಲಿನ ನ್ಯಾಚುರೋಪತಿ ವೈದ್ಯರು ಸುಸ್ತಿಗೆ ದಿನಕ್ಕೆ ಹತ್ತು ಮಾತ್ರೆ ಬರೆದಿದ್ದಾರೆ. ಊರಿನಲ್ಲಿ ಮಾತ್ರೆಯೇ ಇರಲಿಲ್ಲವಲ್ಲ?
— ಓದುಗರು, ಸಿಯಾಟಲ್

ಉತ್ತರ: ಹೆಸರು ಒಂದೇ, ವೃತ್ತಿ ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ ಅವರಿಗೆ ಪರವಾನಗಿ ಇದೆ, ಕೆಲವು ಔಷಧ ಬರೆಯುವ ಹಕ್ಕೂ ಇದೆ. ಗಿಡಮೂಲಿಕೆ, ವಿಟಮಿನ್ ಮಾತ್ರೆ ಅಲ್ಲಿ ಚಿಕಿತ್ಸೆಯ ದೊಡ್ಡ ಭಾಗ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ನಿಮ್ಮ ಪಟ್ಟಿಯಲ್ಲಿ ಬಯೋಟಿನ್ ಇದೆಯೇ ನೋಡಿ. 5-10 ಮಿಲಿಗ್ರಾಂ ತೆಗೆದುಕೊಳ್ಳುವವರ ಥೈರಾಯ್ಡ್ ಪರೀಕ್ಷೆ ಸುಳ್ಳು ಹೇಳಬಹುದು, ಇಲ್ಲದ ಹೈಪರ್‌ಥೈರಾಯ್ಡ್ ಕಾಣಿಸಬಹುದು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಹತ್ತೂ ಶೀಷೆಗಳನ್ನು ನಿಮ್ಮ ಮಾಮೂಲಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಮ್ಮನ ಎದೆಯಲ್ಲಿ ನೋವಿಲ್ಲದ ಗಂಟು. ನಲವತ್ತು ದಿನ ರಸಾಹಾರ ಮಾಡಿದರೆ ಕರಗುತ್ತದೆ, ಸೂಜಿ ಚುಚ್ಚಿಸಿದರೆ ಹರಡುತ್ತದೆ ಎಂದಿದ್ದಾರೆ ಒಬ್ಬರು.
— ಓದುಗರು, (ಊರು ಬೇಡವೆಂದಿದ್ದಾರೆ)

ಉತ್ತರ: ಇದಕ್ಕೆ ಸಂಚಿಕೆ ಬರುವವರೆಗೆ ಕಾಯದೆ ಪತ್ರ ತಲುಪಿದ ದಿನವೇ ಉತ್ತರ ಬರೆದಿದ್ದೇವೆ. ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಕೊಡುತ್ತಿದ್ದೇವೆ. ನೋವಿಲ್ಲದಿರುವುದು ಸಮಾಧಾನದ ಲಕ್ಷಣವಲ್ಲ. ಸೂಜಿ ಪರೀಕ್ಷೆಗೆ ಹೆದರಿ ಕಳೆಯುವ ನಲವತ್ತು ದಿನಗಳೇ ನಿಜವಾದ ಅಪಾಯ. ಈ ವಾರವೇ ಶಸ್ತ್ರವೈದ್ಯರು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ, ಮ್ಯಾಮೊಗ್ರಾಮ್ ಇಲ್ಲವೇ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಬಯಾಪ್ಸಿ ಆಗಲಿ. ಜಿಲ್ಲಾ ಆಸ್ಪತ್ರೆಯಿಂದ ಶುರುಮಾಡಬಹುದು, ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಸಂಸ್ಥೆ. ಗಂಟು ನಿರಪಾಯಕಾರಿ ಎಂದು ಬಂದರೆ ನೆಮ್ಮದಿ. ಕ್ಯಾನ್ಸರ್ ಆಗಿದ್ದರೆ ಶಸ್ತ್ರಚಿಕಿತ್ಸೆ, ಕೀಮೊ ನಡೆಯುವಾಗ ನಿದ್ದೆಗೆ, ದಣಿವಿಗೆ, ಆತಂಕಕ್ಕೆ ಯೋಗ, ಪ್ರಾಣಾಯಾಮ ಕಲಿಸುವ ಪ್ರಕೃತಿ ಚಿಕಿತ್ಸಾ ವೈದ್ಯರು ನೆರವಾಗಬಲ್ಲರು. ಆಗ ಉಪವಾಸ ಬೇಡ, ಅಮ್ಮನ ತೂಕ ಇಳಿಯಬಾರದು. ಹೋಗುವಾಗ ಹಳೆಯ ವರದಿಗಳು, ನುಂಗುತ್ತಿರುವ ಮಾತ್ರೆಗಳ ಚೀಟಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಲು ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ.