ಕ್ಲೈಮ್‌ನಲ್ಲಿ ‘ಸರಾಸರಿ ಕಣದ ಗಾತ್ರ’ ಎಂದಷ್ಟೇ ಬರೆದರೆ ಸಾಲದೇ?

ನಿಮ್ಮ ಪೇಟೆಂಟ್ ಅರ್ಜಿಯ ಕ್ಲೈಮ್‌ನಲ್ಲಿ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯದಲ್ಲಿ, ‘ಸರಾಸರಿ ಕಣದ ಗಾತ್ರ 50ರಿಂದ 80 ಮೈಕ್ರಾನ್ ಇರುವ ಪುಡಿ’ ಎಂದಿದೆ, ಪೇಟೆಂಟ್ ಕಚೇರಿಯ ಮೊದಲ ಪರೀಕ್ಷಾ ವರದಿ ಅದನ್ನು ಅಸ್ಪಷ್ಟ ಎಂದಿದೆ, ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಪದಕ್ಕೆ ಇದೇನು ತಕರಾರು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಆ ವರದಿ ಬರೆದ ಎಕ್ಸಾಮಿನರ್ ಮಾತಿನಲ್ಲಿ ಹುರುಳಿದೆ.

ಕ್ಲೈಮ್ ಓದುವಾಗ ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ಪ್ರತಿಸ್ಪರ್ಧಿ ಕಂಪನಿಯವರು ತಮ್ಮ ಪುಡಿಯನ್ನು ಲ್ಯಾಬಿಗೆ ಕಳಿಸಿದರೆ, ಅದು ಈ ಕ್ಲೈಮಿನ ಒಳಗೋ ಹೊರಗೋ ಎಂದು ಅವರಿಗೆ ತಿಳಿಯುತ್ತದೆಯೇ? ಒಂದು ಲೆಕ್ಕ ಹಾಕಿ ನೋಡಿ. 10 ಮೈಕ್ರಾನಿನ ಒಂಬತ್ತು ಕಣ, 100 ಮೈಕ್ರಾನಿನದು ಒಂದು ಕಣ. ಎಣಿಕೆಯ ಸರಾಸರಿ ತೆಗೆದರೆ 19 ಮೈಕ್ರಾನ್. ಪ್ರತಿ ಕಣದ ಗಾತ್ರಕ್ಕೆ ಅದರ ಘನಫಲದಷ್ಟು ತೂಕ ಕೊಟ್ಟು ಸರಾಸರಿ ತೆಗೆದರೆ ಹತ್ತಿರಹತ್ತಿರ 99. ಪುಡಿ ಅದೇ, ಎರಡೂ ಉತ್ತರ ಸರಿ. ಸೂಜಿಯಾಕಾರದ ಕಣಗಳಾದರೆ ಜರಡಿ ಒಂದು ಹೇಳುತ್ತದೆ, ಲೇಸರ್ ಯಂತ್ರ ಇನ್ನೊಂದು.

ಅಮೆರಿಕದಲ್ಲಿ ಟೆವಾ ಕಂಪನಿ ಮುಗ್ಗರಿಸಿದ್ದೂ ಇಂಥದ್ದೇ ಜಾಗದಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಕೊಪ್ಯಾಕ್ಸೋನ್ ಚುಚ್ಚುಮದ್ದಿನ ಪೇಟೆಂಟಿನಲ್ಲಿ ಅಣುತೂಕ 5ರಿಂದ 9 ಕಿಲೋಡಾಲ್ಟನ್ ಎಂದಿತ್ತು. ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಪದವೇ. ಆದರೆ ಈ ಮದ್ದು ಪಾಲಿಮರ್, ಅಂದರೆ ಬೇರೆ ಬೇರೆ ಉದ್ದದ ಸರಪಳಿ ಅಣುಗಳ ಮಿಶ್ರಣ. ಅಂಥದ್ದರ ಅಣುತೂಕಕ್ಕೆ ಮೂರು ಬಗೆಯ ಸರಾಸರಿ ಉಂಟು, ಇಲ್ಲಿ ಯಾವುದು ಎಂದು ಕ್ಲೈಮ್ ಹೇಳಿರಲಿಲ್ಲ. ಸಾಲದ್ದಕ್ಕೆ, ಅದೇ ಆವಿಷ್ಕಾರದಿಂದ ಹುಟ್ಟಿದ ಎರಡು ಪೇಟೆಂಟ್ ಅರ್ಜಿಗಳಲ್ಲಿ ಎಕ್ಸಾಮಿನರಿಗೆ ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ ಮರಳಿದ ಪ್ರಕರಣದಲ್ಲಿ, 2015ರಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಆ ಕ್ಲೈಮುಗಳನ್ನು ಅಸ್ಪಷ್ಟವೆಂದು ಅಸಿಂಧುಗೊಳಿಸಿತು.

ಹಾಗೆಂದು ಅಂಕಿ ಇಲ್ಲದ ಪದವೆಲ್ಲ ಬಿದ್ದುಹೋಗುತ್ತದೆ ಎಂದಲ್ಲ. ಅಮೆರಿಕದ್ದೇ ಆದ ನಾಟಿಲಸ್ ಪ್ರಕರಣದಲ್ಲಿ, ವ್ಯಾಯಾಮ ಯಂತ್ರದ ಹಿಡಿಯಲ್ಲಿ ಹೃದಯಬಡಿತ ಅಳೆಯುವ ಎಲೆಕ್ಟ್ರೋಡುಗಳ ನಡುವೆ ಎಷ್ಟು ಅಂತರ ಎಂದು ಬರೆದಿರಲೇ ಇಲ್ಲ. ‘ಸಮಂಜಸ ಖಚಿತತೆ’ ಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಮಟ್ಟ ಬಿಗಿ ಮಾಡಿದ ಮೇಲೂ ಆ ಕ್ಲೈಮ್ ಉಳಿಯಿತು. ಏಕೆಂದರೆ ಎಲೆಕ್ಟ್ರೋಡುಗಳ ಅಂತರ ಅಂಗೈ ಅಗಲ ಮೀರುವಂತಿಲ್ಲ. ಹೃದಯಬಡಿತದ ಜೊತೆ ಬೆರೆಯುವ ಸ್ನಾಯುಗಳ ಸಿಗ್ನಲ್ ರದ್ದಾಗುತ್ತಿದೆಯೇ ಎಂದು ಪರೀಕ್ಷಿಸಿಯೇ ಉಳಿದದ್ದನ್ನು ಗೊತ್ತುಮಾಡಿಕೊಳ್ಳಬಹುದು.

ನಮ್ಮಲ್ಲಿ ಪೇಟೆಂಟ್ ಕಾಯ್ದೆಯ ಸೆಕ್ಷನ್ 10(5) ಕ್ಲೈಮ್ ಸ್ಪಷ್ಟವಾಗಿ, ಚುಟುಕಾಗಿ ಇರಬೇಕು ಎನ್ನುತ್ತದೆ. ಹೇಗೋ ಈಗ ದಾಟಿಸಿಕೊಂಡರೂ, ಮುಂದೆ ಸೆಕ್ಷನ್ 64ರಡಿ ರದ್ದತಿಗೆ ಇದೇ ಕಾರಣವಾಗಬಹುದು.

ಈಗ ನಿಮ್ಮ ಸ್ಪೆಸಿಫಿಕೇಶನ್ (ಅರ್ಜಿಯಲ್ಲಿನ ಆವಿಷ್ಕಾರದ ಪೂರ್ಣ ವಿವರಣೆ) ತೆಗೆದು ಉದಾಹರಣೆಗಳ ಭಾಗ ಓದಿ. ಲೇಸರ್ ಡಿಫ್ರಾಕ್ಷನ್ನಿಂದ ಅಳೆದ ಡಿ50 (ಪುಡಿಯ ಅರ್ಧಪಾಲು ಇದಕ್ಕಿಂತ ಚಿಕ್ಕದು ಎನ್ನುವ ಗಾತ್ರ) ಎಂದು ಎಲ್ಲಾದರೂ ಇದ್ದರೆ, ಆ ಮಾತನ್ನೇ ಕ್ಲೈಮಿಗೆ ತನ್ನಿ. ಇಲ್ಲದಿದ್ದರೆ ಹೊಸದಾಗಿ ಸೇರಿಸಲು, ತಿದ್ದುಪಡಿಗೆ ಮಿತಿ ಹಾಕುವ ಸೆಕ್ಷನ್ 59 ಬಿಡುವುದಿಲ್ಲ. ಆಗ ಉಳಿಯುವುದು ವಾದ ಮಾತ್ರ: ಅರ್ಜಿ ಹಾಕುವ ಮುನ್ನವೇ ನಿಮ್ಮ ಕ್ಷೇತ್ರದಲ್ಲಿ ಈ ಅಳತೆಗೆ ಒಂದೇ ವಿಧಾನ ರೂಢಿಯಲ್ಲಿತ್ತು ಎಂದು ಪಠ್ಯಪುಸ್ತಕ, ಮಾನಕಗಳಿಂದ ತೋರಿಸಬೇಕು. ‘ಎಲ್ಲರಿಗೂ ಗೊತ್ತಿದೆ’ ಎಂಬ ಒಂದು ಸಾಲಿನಿಂದ ಆಗುವ ಕೆಲಸವಲ್ಲ. ಉತ್ತರಕ್ಕೆ ಕಚೇರಿ ವರದಿ ಕಳಿಸಿದ ದಿನದಿಂದ ಆರು ತಿಂಗಳಿದೆ. ಬೇರೆ ದೇಶಗಳಲ್ಲೂ ಅರ್ಜಿ ಹಾಕಿದ್ದರೆ, ಅಲ್ಲಿನ ಏಜೆಂಟರು ಇದೇ ಪದಕ್ಕೆ ಏನು ಅರ್ಥ ಹೇಳಿದ್ದಾರೆಂದು ತರಿಸಿಕೊಂಡು ನೋಡಿ, ಆಮೇಲೆ ಬರೆಯಿರಿ.